ಸಹಾಯ ಬೇಕು: 4294967297ರ ಅಪವರ್ತನಗಳು ಯಾಕೆ ಹೀಗೆ?

ಗಣಿತ ಗೊತ್ತಿರುವವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ. 4294967297, ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. ಇದು ಅವಿಭಾಜ್ಯ ಅಂತ ಗಣಿತಜ್ಞ ಫರ್ಮಾ ನಂಬಿದ್ದರು, ಆದರೆ ಇದು 641 × 6700417 ಅಂತ 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ತೋರಿಸಿದರು. ಗುಣಿಸಿ ನೋಡಿದೆ, ಸರಿಯಾಗಿದೆ.

ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕಂತೆ. ಹಾಗಾದರೆ ಇಂಥ ಶೇಷ ಬರುವ ಅವಿಭಾಜ್ಯಗಳಲ್ಲಿ 193, 257, 449, 577 ಆದಮೇಲೆ ಐದನೆಯದೇ 641, ಎಷ್ಟು ಚೆನ್ನಾಗಿದೆ ಅಲ್ವಾ! ಅಪವರ್ತನ ಪಿ ಆಗಿದ್ದರೆ, ಪಿಯಿಂದ ಭಾಗಿಸಿದಾಗ 2ರ 32ನೇ ಘಾತಕ್ಕೆ ಶೇಷ -1, 64ನೇ ಘಾತಕ್ಕೆ 1, ಇಲ್ಲಿವರೆಗೆ ಅರ್ಥವಾಯಿತು. ಆದರೆ ಇದರಿಂದ ಪಿ-1 ಅನ್ನು 64 ಭಾಗಿಸಲೇಬೇಕು ಅನ್ನೋದು ಹೇಗೆ ಬರುತ್ತದೆ? ಸುಮ್ನೆ ಸೂತ್ರ ಬೇಡ, ಕಾರಣ ಬೇಕು. 6700417 ಅವಿಭಾಜ್ಯ ಅಂತ ಕೈಲೆಕ್ಕದಲ್ಲೇ ತೋರಿಸಲು 2588ರವರೆಗೆ (ಅದರ ವರ್ಗಮೂಲ ಸುಮಾರು ಇಷ್ಟು) ಇದೇ ಬಗೆಯ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕಾ?