ಪದಚರ್ಚೆ: ‘ರಿಸ್ಟ್ರೇಂಟ್’ಗೆ ಕನ್ನಡದಲ್ಲಿ ಏನನ್ನೋಣ? (ಮರೆವಿನ ಕಾಯಿಲೆಯವರ ಆರೈಕೆ ಮನೆಯ ನಮೂನೆಗಾಗಿ)

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಒಂದು ವಸತಿ ಆರೈಕೆ ಮನೆಗೆ ಕನ್ನಡದಲ್ಲಿ ಪರಿವೀಕ್ಷಣಾ ನಮೂನೆ ತಯಾರಾಗುತ್ತಿದೆ. ಇಂಗ್ಲಿಷ್ ನಮೂನೆಯಲ್ಲಿರುವ ಡಿಮೆನ್ಶಿಯಾ, ಇನ್‌ಸ್ಪೆಕ್ಷನ್, ರಿಸ್ಟ್ರೇಂಟ್ (ಓಡಾಡದಂತೆ ತಡೆಯುವುದು), ವಾಂಡರಿಂಗ್ (ಎದ್ದು ಅತ್ತಿತ್ತ ನಡೆಯುತ್ತಿರುವುದು), ಆಸ್ಪಿರೇಷನ್ (ನುಂಗಿದ್ದು ಶ್ವಾಸನಾಳಕ್ಕೆ ಇಳಿಯುವುದು), ಪ್ರೆಶರ್ ಸೋರ್ (ಒಂದೇ ಕಡೆ ಒತ್ತಿ ಆಗುವ ಹುಣ್ಣು) ಇವಕ್ಕೆ ನಿಘಂಟಿನಲ್ಲಿ ಸಿಗುವ ಪದಗಳು ಅಲ್ಲಿನ ಆಯಾಗಳಿಗೆ ಅರ್ಥವಾಗುತ್ತಿಲ್ಲ. ರಾತ್ರಿ ಪಾಳಿಯವರೂ ತಾವೇ ತುಂಬಬಲ್ಲಂಥ ಪದ ಬೇಕು. ಬಲ್ಲವರು ತಿಳಿಸಿ.

ಉತ್ತರ:

ಮೊದಲು ಆ ಮನೆಯ ರಾತ್ರಿ ಪಾಳಿಯ ಪುಸ್ತಕ ತರಿಸಿ ಒಂದು ತಿಂಗಳ ಹಾಳೆ ಓದಿ. ನಿಮಗೆ ಬೇಕಾದ ಕನ್ನಡ ಅಲ್ಲಿ ಆಗಲೇ ಇರುತ್ತದೆ: ‘ಎರಡು ಗಂಟೆಗೆ ಎದ್ದು ಕೂತರು’, ‘ನೀರು ನೆತ್ತಿಗೆ ಹತ್ತಿತು’, ‘ಸೊಂಟದ ಕೆಳಗೆ ಕೆಂಪಾಗಿದೆ’. ಇವನ್ನು ಬರೆದವರೇ ನಾಳೆ ನಿಮ್ಮ ನಮೂನೆಯನ್ನೂ ತುಂಬುವವರು.

ಡಿಮೆನ್ಶಿಯಾ: ‘ಬುದ್ಧಿಮಾಂದ್ಯತೆ’ ಬೇಡವೇ ಬೇಡ. ಆ ಪದ ಹುಟ್ಟಿನಿಂದ ಅಥವಾ ಎಳವೆಯಿಂದ ಬುದ್ಧಿಯ ಬೆಳವಣಿಗೆ ಕುಂಠಿತವಾದವರಿಗೆ ಬಳಕೆಯಲ್ಲಿದೆ. ಇಲ್ಲಿರುವುದು ಬೆಳೆದು ಬಾಳಿದ ಬುದ್ಧಿ ಸವೆಯುವ ಕಾಯಿಲೆ. ‘ಅರಳುಮರಳು’ ಎಲ್ಲರಿಗೂ ಗೊತ್ತು, ಆದರೆ ‘ಅರವತ್ತಕ್ಕೆ ಅರಳು ಮರಳು’ ಅನ್ನುವ ಗಾದೆಯೇ ಅದನ್ನು ವಯಸ್ಸಿನ ಸಹಜ ಗುಣ ಮಾಡಿಬಿಟ್ಟಿದೆ. ಆ ಪದ ಕಡತಕ್ಕೆ ಬಂದರೆ ದಿಢೀರನೆ ಹೆಚ್ಚಿದ ಗೊಂದಲವೂ ‘ವಯಸ್ಸಾಯ್ತಲ್ಲ’ ಎಂದು ದಾಟಿಹೋಗುತ್ತದೆ. ಒಂದೆರಡು ದಿನದಲ್ಲೇ ಮಾತು ಅಸಂಬದ್ಧವಾದರೆ ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೊಸ ಮಾತ್ರೆ ಇವನ್ನು ಅವತ್ತೇ ನೋಡಬೇಕು. ‘ಮರೆಗುಳಿತನ’ ಸ್ವಭಾವದ ಹೆಸರು. ಶೀರ್ಷಿಕೆಯಲ್ಲಿ ‘ಡಿಮೆನ್ಶಿಯಾ’ ಇರಲಿ, ಮನೆಯವರೊಡನೆ ಮಾತಾಡುವಾಗ ‘ಮರೆವಿನ ಕಾಯಿಲೆ’ ಅನ್ನಿ. ಅದೂ ಪೂರ್ತಿ ಸರಿಯಲ್ಲ. ಕೆಲವರಲ್ಲಿ ಮರೆವಿಗೆ ಮೊದಲೇ ನಡತೆಯೋ ಮಾತೋ ಕೆಡುತ್ತದೆ. ಆದರೂ ಕೇಳಿದವರಿಗೆ ಇದು ಕಾಯಿಲೆ ಎಂದು ಹೊಳೆಯುತ್ತದೆ, ಅಷ್ಟು ಸಾಕು.

ಇನ್‌ಸ್ಪೆಕ್ಷನ್: ‘ತನಿಖೆ’ ಎಂದರೆ ಅಪರಾಧ ನಡೆದುಹೋದ ಮೇಲಿನದು, ಆ ಪದ ಕೇಳಿದರೆ ಸಿಬ್ಬಂದಿ ಬಾಯಿ ಮುಚ್ಚುತ್ತಾರೆ. ಸಂಸ್ಕೃತದಲ್ಲಿ ‘ನಿರೀಕ್ಷಣೆ’ ನೋಡುವುದೇ, ಆದರೆ ನಮ್ಮ ಕಿವಿಗೆ ‘ನಿರೀಕ್ಷೆ’ ಎದುರುನೋಡುವುದಾಗಿದೆ. ಇಡೀ ಕೆಲಸಕ್ಕೆ ‘ಪರಿವೀಕ್ಷಣೆ’ ಇರಲಿ, ವಿದ್ಯುತ್ ಪರಿವೀಕ್ಷಕರು ಎಂದು ಆಡಳಿತದಲ್ಲಿ ಹೇಗೂ ರೂಢಿಯಾಗಿದೆ. ಅದರೊಳಗೆ ಮೂರು ಬಗೆಯ ಕೆಲಸಗಳಿವೆ. ಕಾಗದಪತ್ರದ್ದು ‘ಪರಿಶೀಲನೆ’. ಬಚ್ಚಲು, ಬಾಗಿಲು, ಅಡುಗೆಮನೆ, ಔಷಧದ ಕಪಾಟು ನೋಡುವುದು ‘ತಪಾಸಣೆ’. ಮೂರನೆಯದು ಸುಮ್ಮನೆ ಮೂಲೆಯಲ್ಲಿ ಕೂತು ನೋಡುವುದು, ಅದು ‘ಅವಲೋಕನ’. ಮಾತು ಕಳೆದುಕೊಂಡವರಿಂದ ‘ಇಲ್ಲಿ ಚೆನ್ನಾಗಿ ನೋಡಿಕೊಳ್ತಾರಾ’ ಎಂದು ಕೇಳಿ ಉತ್ತರ ಪಡೆಯಲಾಗದು. ಅದಕ್ಕೆಂದೇ ಇಂಗ್ಲೆಂಡಿನ ಆರೈಕೆ ಗುಣಮಟ್ಟ ಆಯೋಗದವರು ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಜೊತೆ ಸೇರಿ ‘ಸೋಫಿ’ ಎಂಬ ಅವಲೋಕನ ಕ್ರಮ ರೂಪಿಸಿದರು. ಬೆರಳೆಣಿಕೆಯ ಮಂದಿಯನ್ನು ಆರಿಸಿಕೊಂಡು, ಹೊತ್ತನ್ನು ಐದೈದು ನಿಮಿಷಕ್ಕೆ ಕತ್ತರಿಸಿ, ಮುಖ ಗೆಲುವಾಗಿತ್ತೇ, ಯಾವುದರಲ್ಲಾದರೂ ತೊಡಗಿದ್ದರೇ, ಸಿಬ್ಬಂದಿ ಹೇಗೆ ನಡೆದುಕೊಂಡರು ಎಂದು ಗುರುತು ಹಾಕುತ್ತಾರೆ. ನಿಮ್ಮ ನಮೂನೆಗೂ ಊಟದ ಹೊತ್ತಿನ ಅರ್ಧ ಗಂಟೆಯ ಅವಲೋಕನ ಸೇರಿಸಿ. ಮೊದಲೇ ತಿಳಿಸಿ ಹೋದ ದಿನ ಹಾಲ್ ತೊಳೆದು ಹೂದಾನಿ ಇಟ್ಟಿರುತ್ತಾರೆ, ಆದರೆ ತುತ್ತು ಕೊಡುವ ಕೈಯ ಅವಸರವನ್ನು ಅರ್ಧ ಗಂಟೆ ಮುಚ್ಚಿಡುವುದು ಕಷ್ಟ.

ರಿಸ್ಟ್ರೇಂಟ್: ಇದೇ ನಿಮ್ಮ ಮುಖ್ಯ ತೊಡಕು. ನಿಘಂಟು ‘ಸಂಯಮ’ ಎನ್ನುತ್ತದೆ. ಸಂಯಮ ತನ್ನನ್ನು ತಾನು ತಡೆದುಕೊಳ್ಳುವ ಗುಣ. ‘ದೈಹಿಕ ಸಂಯಮ ಬಳಸಲಾಯಿತೇ’ ಎಂದು ಕೇಳಿದರೆ ಆಯಾ ಹೌದು ಎಂದು ಸಂತೋಷದಿಂದ ಬರೆಯುತ್ತಾಳೆ. ‘ಬಂಧನ’ ಪೊಲೀಸರ ಪದ. ‘ನಿರ್ಬಂಧ’ ಸರ್ಕಾರಿ ಆದೇಶದ ವಾಸನೆಯದು. ‘ನಿರ್ಬಂಧ ಇದೆಯೇ’ ಎಂದರೆ ಪ್ರತಿ ಮನೆಯಲ್ಲೂ ‘ಇಲ್ಲ’ ಎಂದೇ ಬರುತ್ತದೆ. ಬದಲಿಗೆ ಹೀಗೆ ಕೇಳಿ: ‘ಇವತ್ತು ಯಾರನ್ನಾದರೂ ಕುರ್ಚಿಗೋ ಮಂಚಕ್ಕೋ ಕಟ್ಟಿದಿರಾ? ಯಾವುದರಿಂದ? ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ?’ ಆಗ ‘ಹಳೇ ಪಂಚೆಯಿಂದ, ತಿಂಡಿ ಆಗೋವರೆಗೆ’ ಎಂಬ ಉತ್ತರ ಸಿಗುತ್ತದೆ. ನಾಮಪದ ಮುಚ್ಚಿಟ್ಟದ್ದನ್ನು ಕ್ರಿಯಾಪದ ಹೇಳಿಸುತ್ತದೆ.

ಒಟ್ಟು ಶೀರ್ಷಿಕೆಗೆ ‘ಓಡಾಟ ತಡೆ’ ಎಂದಿಡಬಹುದು. ಕೆಳಗೆ ಮೂರು ಸಾಲು: ಕಟ್ಟಿ ತಡೆದದ್ದು, ಕೂರಿಸಿ ತಡೆದದ್ದು, ಮದ್ದು ಕೊಟ್ಟು ತಡೆದದ್ದು. ಎರಡನೆಯದು ಕಣ್ಣಿಗೆ ಬೀಳುವುದೇ ಕಡಿಮೆ. ಏಳಲಾಗದಷ್ಟು ತಗ್ಗಿನ ಸೋಫಾ, ಮುಂದೆ ಅಡ್ಡ ಹಲಗೆ ಹಾಕಿದ ಕುರ್ಚಿ, ಕೈಗೆ ಸಿಗದಂತೆ ಎತ್ತಿಟ್ಟ ಊರುಗೋಲು, ಬಚ್ಚಿಟ್ಟ ಚಪ್ಪಲಿ ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಮಂಚದ ಪಕ್ಕದ ಸರಳುಗಳನ್ನು ಟೇಪು ಹಿಡಿದು ಅಳೆಯಿರಿ. ನಡುವಣ ಸಂದು 120 ಮಿ.ಮೀ.ಗಿಂತ ಕಡಿಮೆ ಇರಬೇಕು, ಇಲ್ಲವಾದರೆ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗೂ ಸರಳಿಗೂ ನಡುವೆ ಮೈ ಜಾರುವಷ್ಟು ಎಡೆ ಬಿಟ್ಟಿದ್ದರೂ ಅಷ್ಟೇ ಅಪಾಯ.

ಮೂರನೆಯದಕ್ಕೆ ‘ರಾಸಾಯನಿಕ ನಿರ್ಬಂಧ’ ಎಂದು ಬರೆದರೆ ಗೊಬ್ಬರದಂಗಡಿಯ ನೆನಪಾಗುತ್ತದೆ. ಅದನ್ನು ಹಿಡಿಯುವ ಜಾಗ ಔಷಧದ ಚೀಟಿ. ವೈದ್ಯರು ಕ್ವೆಟಿಯಾಪಿನ್ ಅಥವಾ ಹ್ಯಾಲೊಪೆರಿಡಾಲ್ (ತೀವ್ರ ಮನೋರೋಗಕ್ಕೆ ಕೊಡುವ, ಮಂಪರು ತರಿಸುವ ಔಷಧಗಳು) ಮುಂದೆ ‘ಎಸ್‌ಒಎಸ್’ ಎಂದು ಬರೆದಿರುತ್ತಾರೆ, ಅಂದರೆ ಬೇಕಾದಾಗ ಮಾತ್ರ. ಆದರೆ ಕೊಟ್ಟ ಪಟ್ಟಿಯಲ್ಲಿ ದಿನಾ ರಾತ್ರಿ ಎಂಟಕ್ಕೆ ಒಂದೇ ಗುರುತು ಇದ್ದರೆ ಅದು ಬೇಕಾದಾಗ ಕೊಟ್ಟದ್ದಲ್ಲ, ರಾತ್ರಿ ಪಾಳಿಯಲ್ಲಿ ಜನ ಸಾಲದೆ ಕೊಟ್ಟದ್ದು ಎಂಬ ಅನುಮಾನ ಬರಲೇಬೇಕು. ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಈ ಗುಂಪಿನ ಔಷಧಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿ, 2008ರಲ್ಲಿ ಹಳೆಯ ಔಷಧಗಳಿಗೂ ಆ ಎಚ್ಚರಿಕೆ ವಿಸ್ತರಿಸಿದರು. ‘ಯಾಕೆ ಕೊಟ್ಟಿರಿ, ಅದಕ್ಕೆ ಮೊದಲು ಏನು ಮಾಡಿ ನೋಡಿದಿರಿ, ಒಂದು ಗಂಟೆಯ ಮೇಲೆ ಹೇಗಿದ್ದರು’ ಈ ಮೂರು ಖಾನೆ ಇಲ್ಲದ ಪಟ್ಟಿ ಪಟ್ಟಿಯೇ ಅಲ್ಲ.

ಕಾನೂನಿನ ಮಾತು ಬೇಕಾದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ನೋಡಿ. ಅದರ ವ್ಯಾಪ್ತಿಯ ಸಂಸ್ಥೆಗಳಲ್ಲಿ ಒಂಟಿಯಾಗಿ ಕೂಡಿಹಾಕುವಂತಿಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಒಪ್ಪಿಗೆಯಿಂದ ಕಟ್ಟಬಹುದು. ವಿಧಾನ, ಕಾರಣ, ಅವಧಿ ದಾಖಲಾಗಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಸಿಬ್ಬಂದಿ ಕಡಿಮೆ ಎನ್ನುವುದು ಕಾರಣವಾಗದು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪು ಮತ್ತು ಸ್ಥಳ-ಕಾಲದ ಅರಿವಿನ ತೀವ್ರ ತೊಂದರೆಯೂ ಸೇರಿದೆ.

ವಾಂಡರಿಂಗ್: ‘ಅಲೆದಾಟ’ಕ್ಕೆ ಗೊತ್ತುಗುರಿ ಇಲ್ಲ ಎಂಬ ಅರ್ಥ ಅಂಟಿಕೊಂಡಿದೆ. ‘ಕೊಟ್ಟಿಗೆಗೆ ಹುಲ್ಲು ಹಾಕಬೇಕು’ ಎಂದು ಸಂಜೆ ಎದ್ದು ನಿಲ್ಲುವವರಿಗೆ ಗುರಿ ಇದೆ, ಕೊಟ್ಟಿಗೆ ಇಲ್ಲ. ಒಳಗೆ ನಡೆದಾಡುವುದಕ್ಕೆ ‘ಓಡಾಟ’ ಸಾಕು, ಅದು ಒಳ್ಳೆಯದೂ ಹೌದು. ಹೊರಗೆ ಹೋಗಿಬಿಟ್ಟರೆ ‘ಓಡಿಹೋದರು’ ಎನ್ನಬೇಡಿ, ಅದಕ್ಕೆ ಬೇರೆ ಅರ್ಥ ಬರುತ್ತದೆ. ‘ಕಣ್ತಪ್ಪಿ ಹೊರಗೆ ಹೋದದ್ದು’ ಅನ್ನಿ. ಯಾರ ಕಣ್ಣು ತಪ್ಪಿತು ಎಂಬ ಪ್ರಶ್ನೆ ಪದದೊಳಗೇ ಇದೆ. ಕೊನೆಗೆ ಕಂಡದ್ದು ಯಾರು, ಎಷ್ಟು ಹೊತ್ತಿಗೆ, ಯಾವ ಬಾಗಿಲು, ಮೈಮೇಲೆ ಯಾವ ಬಟ್ಟೆ, ಸಿಕ್ಕಿದ್ದು ಎಲ್ಲಿ ಎಂದು ಬರೆಸಿ. ಮಲೆನಾಡಿನಲ್ಲಿ ಇದಕ್ಕೆ ಕೆಲವು ಸೇರ್ಪಡೆ ಬೇಕೇ ಬೇಕು: ಬಾವಿಗೆ ಕಬ್ಬಿಣದ ಮುಚ್ಚಳ ಇದೆಯೇ, ಅಡಿಕೆ ತೋಟದ ಬಸಿಗಾಲುವೆಯ ಕಡೆ ಬೇಲಿ ಇದೆಯೇ, ಆಷಾಢದ ಮಳೆ ಹಂಚಿನ ಮೇಲೆ ಸುರಿಯುವಾಗ ಬಾಗಿಲ ಗಂಟೆ ಹಾಲ್‌ನಿಂದ ಕೇಳುತ್ತದೆಯೇ. ಮಳೆ ಬರುವ ಹೊತ್ತಿಗೇ ಗಂಟೆ ಬಾರಿಸಿ ನೋಡಿ. ಕಾಡಂಚಿನ ಮನೆಯಾದರೆ ಡಿಸೆಂಬರಿನಿಂದ ಮೇವರೆಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ; ಹೊರಗೆ ಹೋಗಿ ಬಂದವರ ಮೈಯಲ್ಲಿ ಉಣುಗು ಹುಡುಕಿದರೇ ಎಂಬ ಖಾನೆಯೂ ಇರಲಿ.

ಅಗಳಿ ಹಾಕಿ ಬೀಗ ಜಡಿಯುವುದು ಸುಲಭದ ಪರಿಹಾರ, ಆದರೆ ಬೆಂಕಿ ಬಿದ್ದರೆ ಕೀಲಿಕೈ ಯಾರ ಸೊಂಟದಲ್ಲಿದೆ? ವಿದ್ಯುತ್ ಬೀಗವಾದರೆ ಕರೆಂಟು ಹೋದಾಗ ತಾನೇ ತೆರೆದುಕೊಳ್ಳಬೇಕು. ಮುಖ್ಯ ಸ್ವಿಚ್ ತೆಗೆಸಿ ಪರೀಕ್ಷಿಸಿ, ತೆರೆದ ಬಾಗಿಲಲ್ಲಿ ಆಗ ಯಾರು ನಿಲ್ಲುತ್ತಾರೆಂದೂ ಕೇಳಿ.

ಆಸ್ಪಿರೇಷನ್: ‘ನೆತ್ತಿಗೆ ಹತ್ತುವುದು’ ಎಂದೇ ಬರೆಯಿರಿ. ‘ಯಾರೋ ನೆನೆಸಿಕೊಂಡರು’ ಎಂದು ತಲೆ ತಟ್ಟುವ ರೂಢಿಯಿಂದ ಅದು ಹಗುರವಾಗಿದೆ, ಹಾಗಾಗಿ ಎಣಿಕೆ ಕೇಳಿ: ಈ ವಾರ ಎಷ್ಟು ಸಲ, ಯಾವುದನ್ನು ಕುಡಿವಾಗ? ನುಂಗಿದ ಮೇಲೆ ದನಿ ಗೊರಗೊರ ಎಂದರೆ ಕೆಮ್ಮು ಬರದಿದ್ದರೂ ಅಪಾಯವೇ. ನೀರು, ಸಾರು, ನೀರುಮಜ್ಜಿಗೆ ತೆಳುವಾದ್ದರಿಂದ ಬೇಗ ಜಾರುತ್ತವೆ. ನಮ್ಮ ಗಂಜಿ ಇನ್ನೂ ಕಷ್ಟದ್ದು. ಅಗುಳು ಬಾಯಲ್ಲೇ ಉಳಿದು ತಿಳಿ ಮುಂದೆ ಓಡುತ್ತದೆ. ನುಂಗಲು ತೊಂದರೆ ಇರುವವರಿಗೆ ಅಗುಳನ್ನೂ ತಿಳಿಯನ್ನೂ ಅರೆದು ಒಂದೇ ಹದ ಮಾಡಬೇಕು. ಎಷ್ಟು ದಪ್ಪ ಎಂಬುದನ್ನು ‘ಸ್ವಲ್ಪ’, ‘ಗಟ್ಟಿ’ ಎಂದು ಬಿಡಬೇಡಿ. ಇಡ್ಸಿ (IDDSI) ಎಂಬ ಅಂತಾರಾಷ್ಟ್ರೀಯ ಅಳತೆಯಂತೆ 10 ಮಿ.ಲೀ. ಸಿರಿಂಜಿನಲ್ಲಿ ತುಂಬಿ 10 ಸೆಕೆಂಡು ಹರಿಯಬಿಟ್ಟರೆ ಉಳಿದದ್ದು 1ರಿಂದ 4 ಮಿ.ಲೀ. ಇದ್ದರೆ ಒಂದನೇ ಹಂತ, 4ರಿಂದ 8 ಇದ್ದರೆ ಎರಡನೇದು, 8ಕ್ಕೆ ಮೇಲೆ, 10ಕ್ಕೆ ಕಡಿಮೆ ಇದ್ದರೆ ಮೂರನೇದು. ಯಾರಿಗೆ ಯಾವ ಹಂತ ಎಂಬುದು ಅಡುಗೆಮನೆಯ ಗೋಡೆಯ ಮೇಲೂ ಇರಬೇಕು.

ಪ್ರೆಶರ್ ಸೋರ್: ‘ಹಾಸಿಗೆ ಹುಣ್ಣು’ ಬಳಕೆಯ ಪದ. ಆದರೆ ಜಗುಲಿಯಲ್ಲಿ ಇಡೀ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರಿಗೂ ಅದು ಆಗುತ್ತದೆ, ಆದ್ದರಿಂದ ‘ಒತ್ತುಹುಣ್ಣು’ ಮೇಲು. ಚರ್ಮ ಒಡೆಯುವ ತನಕ ಯಾರೂ ಹುಣ್ಣು ಎಂದು ಬರೆಯುವುದಿಲ್ಲ. ‘ಬೆರಳಿಂದ ಒತ್ತಿ ಬಿಟ್ಟರೂ ಬಣ್ಣ ಹೋಗದ ಜಾಗ’ ಎಂಬ ಸಾಲನ್ನು ಮೊದಲಿಗೇ ಇಡಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು. ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಡುಸಾಗಿದೆಯೇ ಎಂದು ಮುಟ್ಟಿ ನೋಡಬೇಕು.

ಇನ್ನೊಬ್ಬರ ಸೇರ್ಪಡೆ:

ಮೇಲಿನದಕ್ಕೆ ಒಪ್ಪಿಗೆ ಇದೆ. ಎರಡು ಮಾತು ಬಿಟ್ಟುಹೋಗಿವೆ.

ಒಂದು, ‘ಹದ ಬಿಸಿ’, ‘ಉಗುರು ಬೆಚ್ಚಗೆ’. ಈ ಪದಗಳು ಅಡುಗೆಗೆ ಚೆನ್ನ, ನಮೂನೆಗೆ ಸಾಲವು. ನಮ್ಮ ಕಡೆ ಸ್ನಾನದ ನೀರು ಇನ್ನೂ ಹಂಡೆಯದು, ಬೆಳಗಿನಿಂದ ಒಲೆ ಉರಿಯುತ್ತಲೇ ಇರುತ್ತದೆ. ಪಾತ್ರೆ ತೊಳೆದು ಪಳಗಿದ ಕೈಗೆ ಹದವೆನಿಸಿದ್ದು ತೊಂಬತ್ತರ ಅಜ್ಜಿಯ ತೆಳು ಚರ್ಮವನ್ನು ಸುಡುತ್ತದೆ, ಮತ್ತು ಆಕೆಗೆ ‘ಸುಡ್ತಿದೆ’ ಎನ್ನಲು ಮಾತು ಬಾರದಿರಬಹುದು. ಇಂಗ್ಲೆಂಡಿನ ಆರೈಕೆ ಮನೆಗಳಲ್ಲಿ ಸ್ನಾನದ ತೊಟ್ಟಿಯ ನೀರಿಗೆ ಮಿತಿ 44 ಡಿಗ್ರಿ ಸೆಲ್ಸಿಯಸ್. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕಲಕಿ ಥರ್ಮಾಮೀಟರ್, ಬರೆದ ಮೇಲೆ ಸ್ನಾನ. ಹಂಡೆಯಿರುವ ಬಚ್ಚಲಿಗೆ ಅವರನ್ನು ಒಬ್ಬರೇ ಬಿಡಬಾರದು.

ಎರಡನೆಯದು, ಸಿಬ್ಬಂದಿ ಬರೆಯುವ ‘ಹಟ ಮಾಡಿದರು’, ‘ಕಾಟ ಕೊಟ್ಟರು’. ಇವನ್ನು ತಿದ್ದಿಸುವ ಮೊದಲು ಎಣಿಸಿ. ಒಂದೇ ಹೆಸರಿನ ಮುಂದೆ, ಒಂದೇ ಹೊತ್ತಿನಲ್ಲಿ, ಬಟ್ಟೆ ಬದಲಿಸುವಾಗಲೇ ‘ಹಟ’ ಬಂದಿದ್ದರೆ ಅಲ್ಲಿ ನೋವಿರಬಹುದು: ಭುಜ, ಮಂಡಿ, ಅಥವಾ ಯಾರೂ ನೋಡದ ಒತ್ತುಹುಣ್ಣು. ಕರೆಯುವ ಪದವನ್ನೂ ನಮೂನೆಯಲ್ಲಿ ಕೇಳಿ. ಎಲ್ಲರನ್ನೂ ‘ಅಜ್ಜಿ’ ಎಂದರೆ ಪ್ರೀತಿಯೇ ಹೌದು, ಆದರೆ ಮೂವತ್ತು ವರ್ಷ ಪಾಠ ಹೇಳಿದವರು ಆ ಕರೆಗೆ ತಿರುಗದೆ ‘ಟೀಚರ್’ ಎಂದ ಕೂಡಲೇ ತಲೆಯೆತ್ತುತ್ತಾರೆ. ಮಂಚದ ಮೇಲಿನ ಚೀಟಿಯಲ್ಲಿ ಹೆಸರಿನ ಕೆಳಗೆ ‘ಹೀಗೆ ಕರೆದರೆ ಓಗೊಡುತ್ತಾರೆ’ ಎಂಬ ಒಂದು ಗೆರೆ ಬಿಡಿ.