ಅಪ್‌ಡೇಟ್: ಫಲಕ್‌ನುಮಾದಲ್ಲಿ ಕಳೆದ ಒಂದು ರಾತ್ರಿ

ಅಪ್ಪ-ಅಮ್ಮನ ಐವತ್ತನೆಯ ವಿವಾಹ ವಾರ್ಷಿಕೋತ್ಸವಕ್ಕೆ ಹೈದರಾಬಾದಿನ ಫಲಕ್‌ನುಮಾ ಅರಮನೆಯಲ್ಲಿ ಒಂದೇ ರಾತ್ರಿ ತಂಗಿದರೆ ಅಷ್ಟು ಖರ್ಚು ಸಾರ್ಥಕವಾದೀತೇ ಎಂದು ಹಿಂದೆ ಕೇಳಿದ್ದೆ. ಕಳೆದ ವಾರ ಹೋಗಿಬಂದೆವು; ನಿಶ್ಚಯವಾಗಿಯೂ ಸಾರ್ಥಕವಾಯಿತು. ಹೈದರಾಬಾದ್ ಸಂಸ್ಥಾನದ ಸಿರಿವಂತ ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ ಅವರು ಗುಡ್ಡದ ಮೇಲೆ ಕಟ್ಟಿಸಿ, ಬಳಿಕ ಆರನೆಯ ನಿಜಾಮರ ಸ್ವಾಧೀನಕ್ಕೆ ಬಂದ ಈ ಅರಮನೆಯು, ದೀರ್ಘಕಾಲ ಪಾಳುಬಿದ್ದಂತಿದ್ದು, ನಿಜಾಮರ ಮನೆತನದ ಸೊಸೆ ರಾಜಕುಮಾರಿ ಎಸ್ರಾ ಅವರ ಮುತುವರ್ಜಿಯಿಂದ ಸುಮಾರು ಹತ್ತು ವರ್ಷಗಳ ಜೀರ್ಣೋದ್ಧಾರ ಕಂಡು, 2010ರಲ್ಲಿ ತಾಜ್ ಹೋಟೆಲಾಗಿ ಬಾಗಿಲು ತೆರೆಯಿತು. ಏಕಕಾಲಕ್ಕೆ 101 ಮಂದಿ ಕೂರಬಹುದಾದ ಊಟದ ಮೇಜಿನ ಎದುರು ಅಪ್ಪ ಬಹಳ ಹೊತ್ತು ಮೌನವಾಗಿ ನಿಂತಿದ್ದರು. ಹೋಗುವವರು ಮಧ್ಯಾಹ್ನವೇ ತಲುಪಿರಿ. ಮುಸ್ಸಂಜೆಯಲ್ಲಿ ಕೆಳಗಿನ ಊರಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವುದನ್ನು ಅಮ್ಮ ಇಂದಿಗೂ ವರ್ಣಿಸುತ್ತಿದ್ದಾರೆ.