ಸಹಾಯ ಬೇಕು: ಸದಾಶಿವಗಡದ ಹಳೇ ಮನೆಯೊಂದನ್ನು ಹುಡುಕುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು. ಈಚೆಗೆ ಒಬ್ಬಳೇ ಪೋರ್ಚುಗಲ್‌ಗೆ ಹೋಗಿದ್ದೆ. ಲಿಸ್ಬನ್ನಿನಲ್ಲಿ 28ನೇ ನಂಬರಿನ ಟ್ರಾಮ್‌ಗೆ ಕ್ಯೂ ನಿಂತು, ಫೋನಿನಲ್ಲಿ ಅಮ್ಮನ ಜೊತೆ ಕೊಂಕಣಿಯಲ್ಲಿ ಮಾತಾಡುತ್ತಿದ್ದೆ. ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಕೈ ಹಿಡಿದು, ಕೊಂಕಣಿಯಲ್ಲೇ "ಯಾವೂರು ಮಗಳೇ?" ಎಂದರು. ಕಾರವಾರ ಅಂದದ್ದೇ ತಡ, ಅವರ ಕಣ್ಣು ತುಂಬಿಬಂತು.

ಅವರು ಹುಟ್ಟಿದ್ದು ಗೋವಾದ ಕಾಣಕೋಣದಲ್ಲಿ. 1961ರಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ಮನೆಯವರೆಲ್ಲ ಲಿಸ್ಬನ್‌ಗೆ ಹೋದರಂತೆ. ತಾಯಿಯ ತವರು ಮಾತ್ರ ನಮ್ಮ ಸದಾಶಿವಗಡ. ಟ್ರಾಮ್ ಬಿಟ್ಟು ಕಾಫಿ ಅಂಗಡಿಯಲ್ಲಿ ಕೂತೆವು. ಪರ್ಸಿನಿಂದ ಮಡಚಿ ಸವೆದ ಕಪ್ಪು ಬಿಳುಪು ಫೋಟೋ ತೆಗೆದರು. ನಾಡಹೆಂಚಿನ ಮನೆ, ಅಂಗಳದಲ್ಲಿ ತುಳಸಿಕಟ್ಟೆ, ಹಿಂದೆ ಗುಡ್ಡ, ಅಂಚಿನಲ್ಲಿ ಸ್ವಲ್ಪ ಕಾಳಿ ನದಿ. ದೋಣಿಯಲ್ಲಿ ಬಾಳೆಗೊನೆ ಇಟ್ಟುಕೊಂಡು ಕೂರ್ಮಗಡ ದ್ವೀಪದ ಜಾತ್ರೆಗೆ ಹೋಗುತ್ತಿದ್ದದ್ದನ್ನು ತಾಯಿ ಸಾಯುವ ತನಕ ಹೇಳುತ್ತಿದ್ದರಂತೆ.

ಸಂಜೆ ನನ್ನನ್ನು ಉಳಿದುಕೊಂಡಿದ್ದ ಜಾಗದ ಬಾಗಿಲ ತನಕ ಬಂದು ಬಿಟ್ಟುಹೋದರು. ಯಾರೂ ಇಲ್ಲದ ಊರಲ್ಲಿ ಅದು ಎಷ್ಟು ದೊಡ್ಡದು ಅಲ್ವಾ? ಅವರು ಕೇಳಿದ್ದು ಒಂದೇ: ಆ ಮನೆ ಇನ್ನೂ ಇದೆಯಾ?

ಹೆದ್ದಾರಿ ಅಗಲವಾದ ಮೇಲೆ ಆ ಕಡೆ ನನಗೆ ಗುರುತು ಹತ್ತುತ್ತಿಲ್ಲ. ಅವರ ಒಪ್ಪಿಗೆ ಪಡೆದು ಫೋಟೋ ಹಾಕಿದ್ದೇನೆ. ಸದಾಶಿವಗಡ, ಚಿತ್ತಾಕುಲ, ಮಾಜಾಳಿ ಕಡೆಯವರು ದಯವಿಟ್ಟು ಮನೆಯ ಅಜ್ಜ ಅಜ್ಜಿಯರಿಗೆ ಒಮ್ಮೆ ತೋರಿಸಿ. ಕುಟುಂಬದ ಹೆಸರು ಇಲ್ಲಿ ಬೇಡ, ಮೆಸೇಜ್ ಮಾಡಿದರೆ ಹೇಳುತ್ತೇನೆ. ಅವರಿಗೆ ಜಾಸ್ತಿ ವಯಸ್ಸಾಗಿದೆ. ಸ್ವಲ್ಪ ಬೇಗ ನೋಡಿ.